ಅಳಿಯನ ಉದಾಹರಣೆ

ಬಾಗಿಲಿನ ಅರಗಿನ ಮುದ್ರೆಯನ್ನು ಇನ್ಸ್‌ಪೆಕ್ಟರ್ ಚಾಕುವಿನ ತುದಿಯಿಂದ ಎಬ್ಬಿಸಿದರು. ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಜೇಬಿಗೆ ಹಾಕಿಕೊಂಡರು. ಪೊಲೀಸರಿಗೆ ನೆಲ ಗಲೀಜಾದೀತೆಂಬ ಚಿಂತೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಹತ್ತು ನಿಮಿಷ," ಎಂದರು. "ನೋಡಿ. ಏನನ್ನೂ ತಗೊಂಡು ಹೋಗೋ ಹಾಗಿಲ್ಲ."

ಹತ್ತು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ, ಇದೇ ಕೋಣೆಯಲ್ಲಿ ನಮ್ಮ ದೊಡ್ಡವರು ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದನ್ನು ನಾನೇ ಮೊದಲು ಕಂಡಿದ್ದೆ. ಅವರ ಬಲಗೈ ಕೆಳಗಿದ್ದ ಹಾಳೆಯನ್ನು ನಂಬಿ ಪೊಲೀಸರು ಅವರ ಅಳಿಯನನ್ನು ಒಳಗೆ ಹಾಕಿದ್ದರು. ಇವತ್ತು ಮೂರು ಗಂಟೆಗೆ ಅವನ ಜಾಮೀನಿನ ವಿಚಾರಣೆ.

ದೊಡ್ಡವರು ಎಂದರೆ ನ್ಯಾಯಪದಗಳ ಕೋಶದ ಸಂಪಾದಕರು. ಕೋರ್ಟಿನ ಮೆಟ್ಟಿಲನ್ನು ಮೊದಲ ಸಲ ಹತ್ತುವ ಬಡಪಾಯಿಗೆ ಜಾಮೀನು ಎಂದರೇನು, ಪ್ರತಿವಾದಿ ಎಂದರೆ ಯಾರು, ಸಂಶಯದ ಲಾಭ ಯಾರಿಗೆ ಸಿಗುತ್ತದೆ ಎಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳುವ ಪುಸ್ತಕ ಅದು. ಇಪ್ಪತ್ತೆರಡು ವರ್ಷದಿಂದ ಬರೆಯುತ್ತಲೇ ಇದ್ದೇವೆ. ನಾವು ಮುಗಿಸುವಷ್ಟರಲ್ಲಿ ಕಾನೂನೇ ಬದಲಾಗಿರುತ್ತದೆ ಎನ್ನುತ್ತಾನೆ ನಮ್ಮ ಪ್ರೂಫ್ ನೋಡುವವನು. ಅವನಿಗೆ ನಾವಿಟ್ಟ ಹೆಸರು ಅಲ್ಪವಿರಾಮ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಆಸಾಮಿ. ನಾನು ಉಪಸಂಪಾದಕಿ. ಅಚ್ಚಿನ ಮನೆಯ ಮೇಲಿನ ಈ ಮಹಡಿಯಲ್ಲಿ ನಾವು ಮೂವರೇ ಇದ್ದೆವು, ಈಗ ಇಬ್ಬರು.

ನನಗೆ ಅಳು ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹತ್ತು ದಿನದಿಂದ ಇಡೀ ಮೈ ಹಾಗಿದೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ. ದಿನಾ ಕೆಲಸಕ್ಕೆ ಬರುತ್ತೇನೆ, ಎರಡು ಪದ ಬರೆಯುತ್ತೇನೆ, ಮನೆಗೆ ಹೋಗುತ್ತೇನೆ.

ಕೈ ಕೆಳಗಿದ್ದ ಹಾಳೆಯಲ್ಲಿ ಮೂರೇ ವಾಕ್ಯ. ನನಗೆ ಬಾಯಿಪಾಠವಾಗಿದೆ.

"ನಾನು ಇನ್ನು ಉಳಿಯುವುದಿಲ್ಲ ಎಂದು ನನಗೆ ತಿಳಿದಿದೆ. ನನ್ನ ಅಳಿಯ ಕೊಟ್ಟ ಔಷಧಿ ಕುಡಿದ ಮೇಲೆ ನನಗೆ ಹೀಗಾಗಿದೆ. ನನ್ನ ಸಾವಿಗೆ ಅವನೇ ಕಾರಣ."

ಅಳಿಯನದು ಔಷಧಿ ಅಂಗಡಿ. ದೊಡ್ಡವರ ಹೊಟ್ಟೆಯಲ್ಲಿ ಸಿಕ್ಕಿದ್ದು ಹೃದಯದ ಔಷಧಿ, ಇರಬೇಕಾದ್ದಕ್ಕಿಂತ ಹತ್ತು ಪಟ್ಟು. ಹನ್ನೆರಡೂ ಮುಕ್ಕಾಲರಿಂದ ಒಂದೂವರೆಯೊಳಗೆ ಜೀವ ಹೋಗಿದೆ ಎಂದು ವೈದ್ಯರು ಬರೆದರು. ತಾನು ಅಂಗಡಿ ಬಿಟ್ಟು ಕದಲಲಿಲ್ಲ ಎಂದು ಅಳಿಯ ಹೇಳಿದ; ಮಧ್ಯಾಹ್ನ ಅರ್ಧ ಗಂಟೆ ಅಂಗಡಿ ಬಾಗಿಲು ಹಾಕಿತ್ತು ಎಂದು ಎದುರುಗಡೆಯ ದರ್ಜಿ ಹೇಳಿದ. ಇಷ್ಟಾದ ಮೇಲೆ ಯಾವ ಪೊಲೀಸರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ತಲೆ ಕೆಟ್ಟದ್ದು ಮೊನ್ನೆ. ಪತ್ರಿಕೆಯವನೊಬ್ಬ ಫೋನ್ ಮಾಡಿ, ಮರಣಕಾಲದ ಹೇಳಿಕೆ ಎಂದರೇನು ಮೇಡಂ, ಸರಳವಾಗಿ ಹೇಳಿ, ಎಂದು ಕೇಳಿದ. ನಾನು ಯೋಚಿಸದೆ ಹೇಳಿದೆ: ಸಾಯುತ್ತಿರುವವನು ತನ್ನ ಸಾವಿಗೆ ಕಾರಣವೇನು, ಯಾರು ಎಂದು ಹೇಳಿದ ಅಥವಾ ಬರೆದ ಮಾತು. ಬೇರೆಯವರಿಂದ ಕೇಳಿದ ಮಾತನ್ನು ಕೋರ್ಟು ಸಾಕ್ಷ್ಯವೆಂದು ಒಪ್ಪುವುದಿಲ್ಲ, ಆದರೆ ಇದನ್ನು ಒಪ್ಪುತ್ತದೆ. ಸಾಯುವವನು ಸುಳ್ಳಾಡುವುದಿಲ್ಲ ಎಂಬ ಊಹೆಯ ಮೇಲೆ. ಉದಾಹರಣೆ ಕೊಡಿ ಎಂದ. ಕೊಡಲು ಬಾಯಿ ತೆರೆದೆ. ದೊಡ್ಡವರ ಹಾಳೆಯ ಮೂರು ವಾಕ್ಯ ತಾವಾಗಿಯೇ ಹೊರಗೆ ಬಂದವು.

ಫೋನ್ ಇಟ್ಟು ಆ ಮೂರು ವಾಕ್ಯಗಳನ್ನು ಬೆರಳಲ್ಲಿ ಎಣಿಸಿದೆ. ಸಾವಿನ ಅರಿವು, ಕಾರಣ, ಮಾಡಿದವನು. ಒಂದೊಂದಕ್ಕೆ ಒಂದೊಂದು ವಾಕ್ಯ, ಹೆಚ್ಚಿಲ್ಲ, ಕಡಿಮೆಯಿಲ್ಲ. ವಿಷ ಕುಡಿದು ಒದ್ದಾಡುವ ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ಬರೆಯುತ್ತಾನೆಯೇ. ಇದು ಹೇಳಿಕೆಯಲ್ಲ, ಹೇಳಿಕೆಯ ಉದಾಹರಣೆ.

ನಮ್ಮ ಕೋಶದಲ್ಲಿ ಉದಾಹರಣೆಗಳಿಗೆ ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಆ ಹೆಸರಿನವರೆಲ್ಲ ಮೂಗು ಮುರಿಯುತ್ತಾರೆಂದು ದೊಡ್ಡವರ ಕಟ್ಟಪ್ಪಣೆ. ಹಾಗಾಗಿ ನಮ್ಮಲ್ಲಿ ಕದಿಯುವುದು, ಮೋಸ ಮಾಡುವುದು, ಬೇಲಿ ಹಾರುವುದು ಎಲ್ಲ ನೆಂಟರೇ. ಮೊದಲು ಭಾವಮೈದುನ ಈ ಕೆಲಸಗಳನ್ನು ಮಾಡುತ್ತಿದ್ದ. ಎಂಟು ವರ್ಷದ ಹಿಂದೆ ಅವರ ಮಗಳ ಮದುವೆಯಾಯಿತು. ಅಲ್ಲಿಂದ ಅಳಿಯನ ಸರದಿ. ನಂಬಿಕೆದ್ರೋಹಕ್ಕೆ ಅಳಿಯ, ಖೋಟಾ ಸಹಿಗೆ ಅಳಿಯ, ಅತಿಕ್ರಮ ಪ್ರವೇಶಕ್ಕೆ ಮಾವನ ಹಿತ್ತಿಲಿಗೆ ನುಗ್ಗಿದ ಅಳಿಯ. ಅಚ್ಚಾದ ಪುಟ ತೋರಿಸಿ ಅವನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. ಅವನು ನಗುತ್ತಿದ್ದ, ಅಥವಾ ನಗುವಂತೆ ಕಾಣುತ್ತಿದ್ದ.

ಇದನ್ನೆಲ್ಲ ಇನ್ಸ್‌ಪೆಕ್ಟರಿಗೆ ಹೇಳಿದಾಗ ಅವರು ಮೂಗೊರೆಸಿಕೊಂಡು ಸಾವಧಾನವಾಗಿ ಕೇಳಿದ್ದರು. ಶೀತ ಆಗಿತ್ತು ಅವರಿಗೆ. ಕಥೆ ಚೆನ್ನಾಗಿದೆ, ಆದರೆ ಉದಾಹರಣೆ ಬರೆಯಿರಿ ಎಂದು ದೊಡ್ಡವರಿಗೆ ಯಾರು ಹೇಳಿದ್ದರು, ಅದನ್ನು ತೋರಿಸಿ ಎಂದಿದ್ದರು. ಅದಕ್ಕೇ ಈ ಹತ್ತು ನಿಮಿಷ.

ದೊಡ್ಡವರ ಮಗಳು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಳು. ಆರು ವರ್ಷದವಳಿದ್ದಾಗಿನಿಂದ ಶಾಲೆ ಬಿಟ್ಟ ಮೇಲೆ ನನ್ನ ಮೇಜಿನ ಕೆಳಗೆ ಕುಳಿತು ಓದಿದವಳು. ನನ್ನನ್ನು ಅತ್ತೆ ಎಂದೇ ಕರೆಯುವುದು. ಬೆಳಿಗ್ಗೆ ವಿಷಯ ಹೇಳಿದಾಗ ಅವಳು ಕುಣಿದಾಡಲಿಲ್ಲ. "ಬಿಡಿ ಅತ್ತೆ, ಅಲ್ಲಿ ಏನು ಸಿಗುತ್ತೆ," ಎಂದಳು. ಅವಳ ದವಡೆಗೂ ಸೂಜಿ ಚುಚ್ಚಿದೆ ಎಂದುಕೊಂಡೆ.

ಕೋಣೆಯಲ್ಲಿ ಧೂಳಿನ ವಾಸನೆ. ಕಾರ್ಡಿನ ಡ್ರಾಯರುಗಳನ್ನು ಪೊಲೀಸರು ಎಳೆದು ನೋಡಿ ಮತ್ತೆ ತಳ್ಳಿದ್ದರು, ಮೂರನೆಯದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮೇಜಿನ ಎಡಮೂಲೆಯಲ್ಲಿ ಚೀಟಿ ಚುಚ್ಚುವ ಕಂಬಿ ಹಾಗೇ ನಿಂತಿತ್ತು. ನಾನು ಹುಡುಕಿ ಬಂದದ್ದು ಅದನ್ನೇ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬರೆದ ವಿವರಣೆ ಅರ್ಥವಾಗದಿದ್ದರೆ ಯಾರು ಬೇಕಾದರೂ ಒಂದು ಚೀಟಿಯಲ್ಲಿ ತಕರಾರು ಟೈಪ್ ಮಾಡಿ ತಟ್ಟೆಗೆ ಹಾಕಬಹುದು. ಚೀಟಿಗೆ ಸಹಿ ಇರಬಾರದು. ಸಹಿ ಇದ್ದರೆ ಚಿಕ್ಕವರು ದೊಡ್ಡವರ ತಪ್ಪು ಹೇಳಲು ಹೆದರುತ್ತಾರೆ, ದೊಡ್ಡವರು ಚಿಕ್ಕವರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಚೀಟಿ ಬಂತೆಂದರೆ ತಿದ್ದಲೇಬೇಕು, ವಾದವಿಲ್ಲ. ತಿದ್ದಿದ್ದು ಬಿಡಿ ಹಾಳೆಯ ಮೇಲೆ. ತಿದ್ದಿಯಾದ ಮೇಲೆ ಚೀಟಿ ಕಂಬಿಗೆ.

ಕಂಬಿಯಲ್ಲಿ ನಲವತ್ತರ ಹತ್ತಿರ ಚೀಟಿಗಳಿದ್ದವು. ಪೊಲೀಸರ ಕಣ್ಣಿಗೆ ಅದು ರದ್ದಿ. ಮೇಲಿನಿಂದ ಎರಡನೆಯದನ್ನು ಓದಿ, ಇನ್ಸ್‌ಪೆಕ್ಟರನ್ನು ಕರೆದೆ.

"ಮರಣಕಾಲದ ಹೇಳಿಕೆ: ಉದಾಹರಣೆ ಸಾಲದು. ಸಾಯುವವನ ಬಾಯಲ್ಲೇ ಬರಲಿ. ಸಾವು ಹತ್ತಿರವಿದೆ ಎಂಬ ಅರಿವು, ಕಾರಣ, ಮಾಡಿದವನು, ಮೂರೂ ಇರಲಿ."

ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. ಆಮೇಲೆ ಜೇಬಿನಿಂದ ಹಾಳೆಯ ನಕಲು ತೆಗೆದು ಪಕ್ಕದಲ್ಲಿ ಹಿಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಮೂಗೊರೆಸುವುದನ್ನು ಮರೆತರು.

"ಯಾರು ಕಳಿಸಿದ್ದು ಇದನ್ನ?" ಎಂದು ಕೇಳಿದರು. ಸಹಿ ಇಲ್ಲದಿರುವುದೇ ಪದ್ಧತಿ ಎಂದೆ. "ಹಾಗಾದ್ರೆ ಇವತ್ತು ಬೆಳಿಗ್ಗೆ ಯಾರೋ ಟೈಪ್ ಮಾಡಿ ಚುಚ್ಚಿದ್ದು ಅಂತ ಸರ್ಕಾರಿ ವಕೀಲರು ಹೇಳ್ತಾರೆ. ನೀವೇ ಚುಚ್ಚಿದ್ದು ಅಂತಲೂ ಹೇಳ್ತಾರೆ. ಕಳಿಸಿದವರು ಬೇಕು."

ಚೀಟಿಯನ್ನು ತಿರುಗಿಸಿದೆ. ನಾವು ಚೀಟಿಗೆ ಹೊಸ ಕಾಗದ ಬಳಸುವುದಿಲ್ಲ, ಹಳೆಯ ಪ್ರೂಫುಗಳನ್ನು ಕತ್ತರಿಸಿಕೊಳ್ಳುತ್ತೇವೆ. ಹಿಂದುಗಡೆ ಅಚ್ಚಾದ ನಾಲ್ಕು ಸಾಲುಗಳಿದ್ದವು. ಅಲ್ಪವಿರಾಮನನ್ನು ಕೂಗಿದೆ. ಅವನು ಬಾಗಿಲಲ್ಲೇ ನಿಂತ. ಆ ಕೋಣೆಗೆ ಕಾಲಿಡಲು ಅವನಿಗಾಗಲಿಲ್ಲ. ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ಇದು ಎರಡನೇ ಪ್ರೂಫು," ಎಂದ. ಉಸಿರು ತೆಗೆದುಕೊಂಡ. "ನಮ್ಮಲ್ಲಿ ಇದು ಇಲ್ಲ." ಮತ್ತೆ ಉಸಿರು. "ಒಂದೇ ಪ್ರತಿ ತೆಗೆದಿದ್ವಿ. ನೇರ ಜಡ್ಜ್ ಸಾಹೇಬರ ಮನೆಗೆ ಹೋಯ್ತು."

ಜಡ್ಜ್ ಸಾಹೇಬರೆಂದರೆ ನಿವೃತ್ತ ನ್ಯಾಯಾಧೀಶರು. ನಾವು ಬರೆದದ್ದೆಲ್ಲ ಕಟ್ಟು ಕಟ್ಟಿ ಅವರ ಮನೆಗೆ ಹೋಗುತ್ತದೆ. ಅವರು ನೋಡಿ, ಒಪ್ಪಿ, ವಾಪಸು ಕಳಿಸುತ್ತಾರೆ. ಆ ನಾಲ್ಕು ಸಾಲುಗಳನ್ನು ಓದಿದಾಗ ನನಗೆ ಇನ್ನೂ ಒಂದು ವಿಷಯ ತಿಳಿಯಿತು. ಅದು 'ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದು' ಎಂಬ ತತ್ವದ ಪುಟ. ತನಗೆ ಸಂಬಂಧಪಟ್ಟ ವ್ಯಾಜ್ಯದಲ್ಲಿ ತಾನೇ ತೀರ್ಪು ಕೊಡಬಾರದು, ತೀರ್ಪು ಸರಿಯಾಗಿದ್ದರೂ ಅದು ಉಳಿಯುವುದಿಲ್ಲ ಎಂಬುದು ಅದರ ಅರ್ಥ. ದೊಡ್ಡವರು ಉದಾಹರಣೆ ಕೊಟ್ಟಿದ್ದರು: ಭಾವಮೈದುನನ ಗೋದಾಮಿನ ವ್ಯಾಜ್ಯವನ್ನು ತಾನೇ ಕೇಳಿದ ಒಬ್ಬ ನ್ಯಾಯಾಧೀಶ. ಇಷ್ಟೆಲ್ಲ ಅಳಿಯಂದಿರ ನಡುವೆ ಒಬ್ಬ ಭಾವಮೈದುನ ಏಕೆ ಬಂದ, ಆ ನ್ಯಾಯಾಧೀಶ ಜಡ್ಜ್ ಸಾಹೇಬರೇ ಎಂದು ನ್ಯಾಯಾಲಯದ ಹಳಬರಿಗೆಲ್ಲ ಗೊತ್ತಿತ್ತು. ಆ ಪುಟ ಹೋದ ಮೇಲೆ ಜಡ್ಜ್ ಸಾಹೇಬರು ದೊಡ್ಡವರ ಜೊತೆ ಮಾತು ಬಿಟ್ಟಿದ್ದರು.

ಅವರು ಆ ಪುಟವನ್ನು ಕತ್ತರಿಸಿ ಚೀಟಿ ಮಾಡಿದ್ದರು. ಅಂಥ ಚೀಟಿಯೊಂದರ ಮೇಲೆ, ನೀನು ಸಾಯುವಾಗ ಆಡುವ ಮಾತು ಬರೆದು ಕಳಿಸು ಎಂದು ಕೇಳಿದ್ದರು. ಕೇಳಿದ್ದನ್ನು ದೊಡ್ಡವರು ತಮ್ಮದೇ ಅಕ್ಷರದಲ್ಲಿ ಬರೆದು ಕಳಿಸಿದ್ದರು, ವಾದವಿಲ್ಲದೆ. ಕೊಲ್ಲಬೇಕೆಂದವನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇರಲಾರದು. ಹೀಗೆ ಯೋಚಿಸುವಾಗಲೂ ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಇನ್ಸ್‌ಪೆಕ್ಟರ್ ಚೀಟಿಯನ್ನು ಕವರಿಗೆ ಹಾಕಿ ಅಂಟಿಸಿದರು. ನನ್ನ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಲು ಬಿಟ್ಟರು. "ನಾನು ಹೋದ್ರೆ ಅವರು ವಕೀಲರನ್ನ ಕರೀತಾರೆ. ನೀವು ಹೋದ್ರೆ ಕಾಫಿ ಕೊಡ್ತಾರೆ. ಮೂರಕ್ಕೆ ನಾನು ಕೋರ್ಟಲ್ಲಿರ್ತೀನಿ."

ಕಾರಿನಲ್ಲಿ ಕುಳಿತು ಜಡ್ಜ್ ಸಾಹೇಬರ ಮನೆಗೆ ಎಂದಾಗ ಮಗಳು ಏಕೆಂದು ಕೇಳಲಿಲ್ಲ. ದಾರಿ ಹೇಳುವ ಅಗತ್ಯವೂ ಬೀಳಲಿಲ್ಲ. ಗೇಟಿನ ಮುಂದೆ ನಿಲ್ಲಿಸಿ, "ನಾನು ಇಲ್ಲೇ ಇರ್ತೀನಿ ಅತ್ತೆ, ನೀವು ಹೋಗಿ ಬನ್ನಿ," ಎಂದಳು.

ಜಡ್ಜ್ ಸಾಹೇಬರು ಊಟದ ಮೇಜಿನ ಮೇಲೆ ಅಡಿಕೋಲು ಇಟ್ಟುಕೊಂಡು ಕಾಗದ ಕತ್ತರಿಸುತ್ತಿದ್ದರು. ಎಂಬತ್ತು ದಾಟಿದ ಕೈ, ಆದರೆ ಅಂಚು ಒಂದು ಕೂದಲೆಳೆಯೂ ಸೊಟ್ಟಗಿರಲಿಲ್ಲ. ಕಾಫಿ ಕೊಡಲಿಲ್ಲ. ನಾನು ಫೋನಿನ ಚಿತ್ರವನ್ನು ಅವರ ಮುಂದಿಟ್ಟೆ. ಮೊದಲು ಮುಂಭಾಗ, ಆಮೇಲೆ ಹಿಂಭಾಗ.

"ನನ್ನ ಚೀಟಿ," ಎಂದರು. ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. "ನನ್ನ ಮೇಲೆ ಅನುಮಾನ ಪಡ್ತಿದ್ದೀರಿ."

"ಹೌದು," ಎಂದೆ.

"ಕೂತ್ಕೊಳ್ಳಿ ಹಾಗಾದ್ರೆ. ನಿಂತು ಅನುಮಾನ ಪಟ್ಟರೆ ಕಾಲು ನೋಯುತ್ತೆ."

ಕುಳಿತೆ. ದೊಡ್ಡವರ ಮೇಲೆ ಅವರಿಗೆ ಕೋಪವಿತ್ತಲ್ಲವೇ ಎಂದು ಕೇಳಿದೆ. ಇತ್ತು, ಈಗಲೂ ಇದೆ ಎಂದರು. ಆ ಪುಟ ಓದಿದ ದಿನ ಊಟ ಸೇರಿರಲಿಲ್ಲವಂತೆ. ಎದ್ದು ಬಂದು ಪುಟವನ್ನು ಎಂಟು ತುಂಡು ಮಾಡಿ ಚೀಟಿ ಮಾಡಿಕೊಂಡರಂತೆ. ತಮ್ಮ ಸೇಡು ಅಲ್ಲಿಗೆ ಮುಗಿಯಿತು ಎಂದರು. ಕೊನೆಗೆ ಇಷ್ಟು ಸೇರಿಸಿದರು: "ಹೇತು ಅಂದ್ರೆ ಏನು, ಉದ್ದೇಶ ಅಂದ್ರೆ ಏನು, ವ್ಯತ್ಯಾಸ ನಿಮ್ಮ ಪುಸ್ತಕದಲ್ಲೇ ಇದೆ. ನಾನೇ ಒಪ್ಪಿದ್ದು."

ಇದೆ, ನಾನೇ ಬರೆದದ್ದು. ಹೇತು ಎಂದರೆ ಮಾಡಲು ಮನಸ್ಸಿಗೆ ಬಂದ ಕಾರಣ. ಉದ್ದೇಶ ಎಂದರೆ ಮಾಡಿಯೇ ತೀರುತ್ತೇನೆ ಎಂಬ ನಿಶ್ಚಯ. ಹೇತು ನೂರು ಜನಕ್ಕಿರಬಹುದು. ಕೊಲ್ಲುವ ಹೇತುವಿದ್ದವರೆಲ್ಲ ಕೊಂದಿದ್ದರೆ ಊರಿನಲ್ಲಿ ಮನೆಗೊಬ್ಬರು ಉಳಿಯುತ್ತಿರಲಿಲ್ಲ.

"ಆ ಚೀಟಿಗೆ ಉತ್ತರವಾಗಿ ಬಂದ ಹಾಳೆ ಎಲ್ಲಿದೆ ಸಾರ್?"

"ಒಪ್ಪಿ ವಾಪಸು ಕಳಿಸಿದೆ. ಚೆನ್ನಾಗಿ ಬರೆದಿದ್ದ, ಆ ಪುಣ್ಯಾತ್ಮ."

"ಏನು ಬರೆದಿದ್ರು?"

ಸರಿಯಾಗಿ ನೆನಪಿಲ್ಲ ಎಂದರು. ಆಗ ನಾನು ಮೂರು ವಾಕ್ಯಗಳನ್ನೂ ಹೇಳಿದೆ, ನಿಧಾನವಾಗಿ. ಅದು ಕೋರ್ಟಿನ ಕಡತದಲ್ಲಿರುವ ಹಾಳೆ, ದೊಡ್ಡವರ ಹೆಣದ ಕೈ ಕೆಳಗೆ ಸಿಕ್ಕಿದ್ದು, ಅಳಿಯ ಜೈಲಿನಲ್ಲಿರುವುದು ಅದರಿಂದ ಎಂದೆ.

ಅವರ ಕೈಯಲ್ಲಿದ್ದ ಕತ್ತರಿ ಕಾಗದದ ಮಧ್ಯದಲ್ಲೇ ನಿಂತಿತು. ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ. ಪತ್ರಿಕೆಯಲ್ಲಿ 'ಸಾಯುವ ಮುನ್ನ ಬರೆದ ಪತ್ರ' ಎಂದಷ್ಟೇ ಇತ್ತಂತೆ, ಅದೇ ಇದು ಎಂದು ಅವರು ಕನಸಿನಲ್ಲೂ ನೆನೆಸಿರಲಿಲ್ಲ. ಕನ್ನಡಕ ತೆಗೆದರು. ಬರಿಗಣ್ಣಿನ ಮುಖ ಬೇರೆ ಯಾರದೋ ಮುದುಕರ ಮುಖದಂತಿತ್ತು.

"ಇಂಥ ಹಾಳೆ ನಂಬಿ ನಾನು ಇಬ್ಬರನ್ನ ಜೈಲಿಗೆ ಕಳಿಸಿದ್ದೀನಿ," ಎಂದರು. "ಒಬ್ಬ ಅಲ್ಲೇ ಸತ್ತ."

 

ಅವರೇ ಎದ್ದು ಹೋಗಿ ಒಂದು ಉದ್ದನೆಯ ರಿಜಿಸ್ಟರ್ ತಂದರು. ಕೋರ್ಟಿನ ಅಭ್ಯಾಸ, ಮನೆಯಿಂದ ಒಂದು ತುಂಡು ಕಾಗದ ಹೊರಗೆ ಹೋದರೂ ಅದರಲ್ಲಿ ನಮೂದಾಗಬೇಕು. ಏನು ಹೋಯಿತು, ಯಾವಾಗ ಹೋಯಿತು, ಯಾರು ಒಯ್ದರು. ಆ ಮಂಗಳವಾರದ ಪುಟದಲ್ಲಿ ಬೆರಳಿಟ್ಟರು. 'ಮರಣಕಾಲದ ಹೇಳಿಕೆ, ಉದಾಹರಣೆ, ಬಿಡಿ ಹಾಳೆ ಒಂದು, ಒಪ್ಪಿದೆ.' ಸಮಯ ಹನ್ನೆರಡೂ ಕಾಲು.

ಅಷ್ಟೇ ಸಾಕಿತ್ತು. ಹನ್ನೆರಡೂ ಕಾಲಿಗೆ ಈ ಮನೆಯಲ್ಲಿದ್ದ ಹಾಳೆಯನ್ನು ದೊಡ್ಡವರು ಸಾಯುವಾಗ ಬರೆದಿರಲು ಸಾಧ್ಯವೇ ಇಲ್ಲ. ಅಳಿಯನ ವಿರುದ್ಧದ ಪುರಾವೆ ಕಾಗದದ ದೋಣಿಯಂತೆ ನೆನೆದು ಮುಳುಗಿತು. ಈ ರಿಜಿಸ್ಟರನ್ನು ವಕೀಲರ ಕೈಗೆ ಕೊಟ್ಟರೆ ಸಂಜೆಯೊಳಗೆ ಅವನು ಮನೆಯಲ್ಲಿರುತ್ತಾನೆ.

ಕೊನೆಯ ಕಾಲಂ ನೋಡಿದೆ. ಕಟ್ಟು ತರುವುದು ಯಾವಾಗಲೂ ಅವರ ಡ್ರೈವರ್. ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಸಹಿ ಹಾಕುತ್ತಾನೆ. ಆ ದಿನದ ಸಹಿ ಸಣ್ಣದು, ಬಲಕ್ಕೆ ವಾಲಿದ್ದು. ಆ ಅಕ್ಷರವನ್ನು ನಾನು ತಿದ್ದಿಸಿದ್ದೆ, ನನ್ನ ಮೇಜಿನ ಕೆಳಗೆ.

"ಡ್ರೈವರ್ ಅವತ್ತು ರಜ," ಎಂದರು ಜಡ್ಜ್ ಸಾಹೇಬರು. "ನಿಮ್ಮ ದೊಡ್ಡವರ ಮಗಳು ಬಂದಿದ್ಳು. ಹೇಗೂ ಅಪ್ಪನ ಹತ್ರ ಹೋಗ್ತಿದ್ದೀನಿ, ಕೊಡಿ ಅಂದ್ಳು."

ಅವಳು ಇಲ್ಲಿಗೇಕೆ ಬಂದಿದ್ದಳು ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡರು. ಸಲಹೆ ಕೇಳಲು ಬಂದವರು ಆಡಿದ ಮಾತನ್ನು ಹೊರಗೆ ಹೇಳುವಂತಿಲ್ಲ, ಅದಕ್ಕೂ ನಿಮ್ಮ ಪುಸ್ತಕದಲ್ಲಿ ಒಂದು ಪದ ಇದೆ ಎಂದರು. ಆಮೇಲೆ ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿದರು. ಕೋರ್ಟು ಕರೆದರೆ ತಾವೂ ಬಂದು ಸಾಕ್ಷಿ ಹೇಳುವುದಾಗಿ ಹೇಳಿ ಬಾಗಿಲವರೆಗೆ ಬಂದರು. ಗೇಟಿನ ಆಚೆಗಿದ್ದ ಕಾರನ್ನು ನೋಡಿದರು, ಹೊರಗೆ ಬರಲಿಲ್ಲ.

ಎರಡೂ ಇಪ್ಪತ್ತಾಗಿತ್ತು. ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕುಳಿತೆ. ಮಗಳು ಅದನ್ನೊಮ್ಮೆ ನೋಡಿ ಗಾಡಿ ಹೊರಡಿಸಿದಳು. ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ಕೆಂಪು ದೀಪ ಬಿತ್ತು.

"ಅದರಲ್ಲಿ ನನ್ನ ಸಹಿ ಇದೆ," ಎಂದಳು.

"ಇದೆ."

"ಹಾಳೆ ಇಟ್ಟಿದ್ದು ನಾನೇ ಅತ್ತೆ. ಅಪ್ಪ ಆಗಲೇ ತಣ್ಣಗಾಗಿದ್ರು."

ಉಳಿದದ್ದನ್ನು ದಿನಸಿ ಚೀಟಿ ಓದುವ ಹಾಗೆ ಹೇಳಿದಳು. ಗಂಡನ ಜೊತೆ ಇನ್ನು ಬಾಳಲಾರೆ ಎಂದು ಸೋಮವಾರ ರಾತ್ರಿ ಅಪ್ಪನಿಗೆ ಹೇಳಿದ್ದಳಂತೆ. ಮಂಗಳವಾರ ಬೆಳಿಗ್ಗೆ ಅಪ್ಪ ಅಳಿಯನಿಗೆ ಫೋನ್ ಮಾಡಿ, ಊಟದ ಹೊತ್ತಿಗೆ ಆಫೀಸಿಗೆ ಬಾ, ಮಾತಾಡುವುದಿದೆ ಎಂದಿದ್ದರು. ಬೇರೆಯಾಗುವುದಕ್ಕೆ ಏನು ದಾರಿ ಎಂದು ಕೇಳಲು ಇವಳು ಜಡ್ಜ್ ಸಾಹೇಬರಲ್ಲಿಗೆ ಹೋಗಿದ್ದಳು. ಕಟ್ಟು ಹಿಡಿದುಕೊಂಡು ನಮ್ಮ ಮಹಡಿ ಹತ್ತಿದಾಗ ಒಂದೂವರೆ. ಅಲ್ಪವಿರಾಮ ಊಟಕ್ಕೆ ಹೋಗಿದ್ದ, ನಾನು ಕೆಳಗೆ ಅಚ್ಚಿನವರ ಹತ್ತಿರವಿದ್ದೆ. ಅಪ್ಪನ ಭುಜ ಮುಟ್ಟಿದಳು, ಕತ್ತು ಮುಟ್ಟಿದಳು. ಕಟ್ಟಿನ ಮೇಲುಗಡೆಯೇ ಆ ಹಾಳೆ ಇತ್ತು.

"ನೀವೇ ನನಗೆ ಹೇಳಿಕೊಟ್ಟಿದ್ದು," ಎಂದಳು. "ರುಜುವಾತು ಮಾಡೋ ಹೊಣೆ ಆರೋಪ ಹೊರಿಸಿದವರದು. ಮಾಡಕ್ಕಾಗದಿದ್ರೆ ಸಂಶಯದ ಲಾಭ ಅವನಿಗೆ. ನನ್ನ ಹತ್ರ ಏನಿತ್ತು? ಒಂದು ಫೋನು. ಅಷ್ಟಕ್ಕೆ ಯಾರನ್ನೂ ಹಿಡಿಯಲ್ಲ. ಈ ಹಾಳೆ ಒಂದೇ ಸಾಕು ಅನ್ನೋದು ಗೊತ್ತಿತ್ತು. ಇಟ್ಟೆ."

ಸುಳ್ಳು ಸಾಕ್ಷ್ಯ ಸೃಷ್ಟಿ ಎಂಬ ಪದ ನನ್ನ ತಲೆಗೆ ಬಂತು, ಅದರ ಶಿಕ್ಷೆಯ ಸಮೇತ. ತೊಡೆಯ ಮೇಲಿನ ರಿಜಿಸ್ಟರ್ ಅಳಿಯನನ್ನು ಬಿಡಿಸಿದರೆ ಅದೇ ಪುಟ ಇವಳನ್ನು ಒಳಗೆ ಹಾಕುತ್ತದೆ. ಕೊಡದಿದ್ದರೆ ಬರಿಯ ಉದಾಹರಣೆಯೊಂದಕ್ಕೆ ಒಬ್ಬ ಮನುಷ್ಯ ಬಲಿಯಾಗುತ್ತಾನೆ. ಅವನು ಕೊಂದಿರಲೂಬಹುದು, ಕೊಲ್ಲದೆಯೂ ಇರಬಹುದು.

"ಅವನೇ ಅಂತ ನಿನಗೆ ಹೇಗೆ ಗೊತ್ತು?" ಎಂದು ಕೇಳಿದೆ. "ಅಪ್ಪನಿಗೆ ಕೈ ತಪ್ಪಿ ಔಷಧಿ ಹೆಚ್ಚಾಗಿರಬಹುದು. ಬೇರೆ ಯಾರೋ ಬಂದಿರಬಹುದು."

"ಇಲ್ಲ ಅತ್ತೆ. ಅವರೇ. ನಾನು ಕಣ್ಣಾರೆ ನೋಡಿದೆ."

"ಏನನ್ನ?"

"ಲೋಟ." ಹಸಿರು ದೀಪ ಬಂತು, ಅವಳು ಗೇರು ಹಾಕಿದಳು. "ಅಪ್ಪನ ಟೀ ಲೋಟ ತೊಳೆದು, ಮಡಿಸಿದ ಕಾಗದದ ಮೇಲೆ ಬೋರಲು ಹಾಕಿತ್ತು. ಅಪ್ಪ ಜನ್ಮದಲ್ಲಿ ಒಂದು ಲೋಟ ತೊಳೆದವರಲ್ಲ. ನಮ್ಮ ಮನೇಲಿ ಹಾಗಿಡೋದು ನನ್ನ ಗಂಡ ಒಬ್ಬರೇ. ಅಂಗಡೀಲಿ ಅಳತೆ ಲೋಟ ಒಣಗಿ ಹಾಕೋ ಅಭ್ಯಾಸ. ಕುಡಿಸಿದ್ದಾರೆ, ಗುರುತು ಉಳೀಬಾರದು ಅಂತ ತೊಳೆದಿದ್ದಾರೆ, ಕೈ ಅಭ್ಯಾಸದಲ್ಲಿ ಹಾಗೆ ಇಟ್ಟು ಹೋಗಿದ್ದಾರೆ. ಅದನ್ನ ನೋಡಿದ ಮೇಲೆ ನನಗೆ ಯಾವ ಅನುಮಾನವೂ ಉಳೀಲಿಲ್ಲ."

ಕೋರ್ಟಿನ ಆವರಣ ಬಂತು. ಅವಳು ಮರದ ಕೆಳಗೆ ಕಾರು ನಿಲ್ಲಿಸಿದಳು. ಮೆಟ್ಟಿಲ ಮೇಲೆ ಅಳಿಯನ ಕಡೆಯ ವಕೀಲರು ಕಡತ ಎತ್ತಿ ನಮಗೆ ಸನ್ನೆ ಮಾಡಿದರು. ಅವರ ಹಿಂದೆ ಇನ್ಸ್‌ಪೆಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು.

ಊಟವಾದ ಮೇಲೆ ದೊಡ್ಡವರು ಟೀ ಕುಡಿದು, ಮೇಜಿನ ಮೇಲೆ ತಲೆಯಿಟ್ಟು ಅರ್ಧ ಗಂಟೆ ಮಲಗುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು. ನಾನು ಒಂದೂ ಹತ್ತಕ್ಕೆ ಊಟ ಮುಗಿಸಿ ಬರುತ್ತಿದ್ದೆ. ನಿದ್ದೆ ಕೆಡದ ಹಾಗೆ ಒಳಗೆ ಹೋಗಿ ಲೋಟ ಎತ್ತಿಕೊಂಡು, ತೊಳೆದು, ಹಳೆಯ ಪ್ರೂಫ್ ಮಡಿಸಿ ಅದರ ಮೇಲೆ ಬೋರಲು ಹಾಕಿ, ಕೆಳಗೆ ಅಚ್ಚಿನವರ ಹತ್ತಿರ ಇಳಿಯುತ್ತಿದ್ದೆ. ಆ ಮಂಗಳವಾರವೂ ಹಾಗೇ ಮಾಡಿದ್ದೆ. ಈ ಹತ್ತು ದಿನದಲ್ಲಿ ಯಾರೂ ಅದನ್ನು ಕೇಳಲಿಲ್ಲ. ನನಗೂ ನೆನಪಾಗಲಿಲ್ಲ, ಹಲ್ಲುಜ್ಜಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ.

"ಲೋಟ ತೊಳೆದಿದ್ದು ನಾನು," ಎಂದೆ.

ಅವಳು ಎಂಜಿನ್ ಆರಿಸಿದಳು. ವಕೀಲರು ಮೆಟ್ಟಿಲಿಳಿದು ನಮ್ಮ ಕಡೆ ಬರತೊಡಗಿದ್ದರು. ಅವಳು ಅವರನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, ನನ್ನ ಎರಡೂ ಕೈಗಳನ್ನು ನೋಡಿದಳು, ರಿಜಿಸ್ಟರಿನ ಮೇಲಿದ್ದ ಕೈಗಳನ್ನು.

"ಒಂದೂ ಹತ್ತಕ್ಕಾ?"

"ಒಂದೂ ಹತ್ತಕ್ಕೆ."

"ನೀವು ಲೋಟ ತಗೊಳ್ಳುವಾಗ," ಎಂದಳು, "ಅಪ್ಪ ಉಸಿರಾಡ್ತಿದ್ರಾ ಅತ್ತೆ?"

ನಾನು ಲೋಟವನ್ನಷ್ಟೇ ನೋಡಿದ್ದೆ.